ಅದು ಎಂದರೆ ಚಿಲಕ

ರಾತ್ರಿ ಎದ್ದ ಗಾಳಿ ಆವತ್ತು ಬೆಳಗ್ಗೆಯೂ ಇಳಿದಿರಲಿಲ್ಲ. ಮಳೆ ತರುವ ಗಾಳಿಯಲ್ಲ, ಸೆಕೆ ಕಳೆಯುವ ಗಾಳಿಯೂ ಅಲ್ಲ. ಮಾಡಲು ಕೆಲಸವಿಲ್ಲದೆ ಬೀದಿಗೆ ಬಂದು, ಕಂಡಕಂಡವರ ಬಾಗಿಲು ಬಡಿದು, ಯಾರದು ಎಂದು ಒಳಗಿನಿಂದ ಕೂಗಿದರೆ ಉತ್ತರ ಕೊಡದೆ ಮುಂದಿನ ಮನೆಗೆ ಹೋಗುವ ಗಾಳಿ. ಒಬ್ಬರ ಮಾಳಿಗೆಯಲ್ಲಿ ಒಣಹಾಕಿದ ಪಂಚೆ ಇನ್ನೊಬ್ಬರ ಮಾಳಿಗೆಯ ತಂತಿಯ ಮೇಲೆ ಹೋಗಿ ಕೂತು ನೆಂಟಸ್ತನ ಬೆಳೆಸಿತ್ತು. ಇಡೀ ಬೀದಿಗೆ ನಿದ್ದೆ ಸಾಲದಾಗಿತ್ತು.

ಈ ಗಾಳಿಯೊಳಗೆ ಆಯ್ತಣ್ಣ ಒಂದು ಕೈಯಲ್ಲಿ ಊಟದ ಡಬ್ಬಿಯನ್ನೂ ಇನ್ನೊಂದು ಕೈಯಲ್ಲಿ ತಲೆಯ ಮೇಲೆ ಉಳಿದಷ್ಟು ಕೂದಲನ್ನೂ ಹಿಡಿದುಕೊಂಡು ಅಂಗಡಿಯ ಕಡೆ ಹೆಜ್ಜೆ ಹಾಕುತ್ತಿದ್ದ.

ಆಯ್ತಣ್ಣ ಎಂಬುದು ಹೆತ್ತವರು ಇಟ್ಟ ಹೆಸರಲ್ಲ. ಎದುರಿಗಿದ್ದವರ ಮಾತು ಮುಗಿಯುವ ಮೊದಲೇ "ಆಯ್ತು" ಎಂದುಬಿಡುವ ಅವನ ಅಭ್ಯಾಸಕ್ಕೆ ಬೀದಿಯವರು ಕೊಟ್ಟ ಬಿರುದು. ಒಮ್ಮೆ ಹಲ್ಲಿನ ಡಾಕ್ಟರು, "ನೋಯ್ತಿರೋದು ಎಡಗಡೇದೋ ಬಲಗಡೇದೋ?" ಎಂದು ಕೇಳಿದ್ದಕ್ಕೂ "ಆಯ್ತು" ಎಂದು, ಎರಡೂ ಕಡೆ ಕೀಳಿಸಿಕೊಂಡು ಬಂದಿದ್ದ. ಬೇರೆಯವರಾಗಿದ್ದರೆ ಡಾಕ್ಟರ ಮೇಲೆ ಜಗಳಕ್ಕೆ ಹೋಗುತ್ತಿದ್ದರು. ಇವನು, ಮುಂದೆ ನೋಯುವುದನ್ನು ದೇವರು ಈಗಲೇ ಕಳೆದ ಎಂದುಕೊಂಡು ಗಂಜಿ ಕುಡಿದು ಮಲಗಿದ್ದ.

ಅವನು ಕೆಲಸ ಮಾಡುವುದು ಅಕ್ಕನ ಗಂಡನ ಹಾರ್ಡ್‌ವೇರ್ ಅಂಗಡಿಯಲ್ಲಿ. ಮೊಳೆ, ತಿರುಪು, ನಲ್ಲಿ, ಪೈಪು, ಹಗ್ಗ, ಬಣ್ಣದ ಡಬ್ಬ, ಇಲಿಬೋನು, ಕುಂಚ ಎಂದು ಮನುಷ್ಯ ಮನೆ ಕಟ್ಟಿದ ತಪ್ಪಿಗೆ ಆಮೇಲೆ ಏನೇನು ಕೊಳ್ಳಬೇಕಾಗುತ್ತದೋ ಅದೆಲ್ಲವೂ ಅಲ್ಲಿ ನೆಲದಿಂದ ಸೂರಿನವರೆಗೆ ತುಂಬಿತ್ತು. ಯಾವ ವಸ್ತು ಎಲ್ಲಿದೆ ಎಂಬುದು ಆಯ್ತಣ್ಣನ ತಲೆಗೆ ಗೊತ್ತಿರಲಿಲ್ಲ, ಕೈಗೆ ಗೊತ್ತಿತ್ತು. ಕೈ ತಾನಾಗಿ ಮೇಲೆ ಹೋಗಿ, ತಾನಾಗಿ ಡಬ್ಬ ತೆಗೆದು, ತಾನಾಗಿ ಕೆಳಗೆ ಬರುತ್ತಿತ್ತು. ತಲೆ ಅಷ್ಟು ಹೊತ್ತೂ ಗಿರಾಕಿಯೊಡನೆ ಹರಟೆ ಹೊಡೆಯುತ್ತಿತ್ತು.

ಇಷ್ಟು ಸುಖವಾಗಿದ್ದ ವ್ಯವಸ್ಥೆಯ ಮೇಲೆ ಭಾವನ ಕಣ್ಣು ಬಿತ್ತು. ಅಂಗಡಿಗೆ ಕಂಪ್ಯೂಟರು ಬಂತು, ಅದರೊಳಗೆ ವ್ಯಾಪಾರವನ್ನೆಲ್ಲ ನೋಡಿಕೊಳ್ಳುವ ಸಾಫ್ಟ್‌ವೇರು ಬಂತು, ಬೀದಿಗೆ ಮುಖ ಮಾಡಿ ಬಾಗಿಲಿನಷ್ಟು ದೊಡ್ಡ ಪರದೆಯೊಂದು ಬಂತು. ಮೊದಮೊದಲು 'ಪೈಪು' ಎಂದು ಟೈಪು ಮಾಡಿದರೆ ಕಂಪ್ಯೂಟರು ಅಂಗಡಿಯಲ್ಲಿದ್ದ ಪೈಪುಗಳನ್ನೆಲ್ಲ ಒಂದರ ಹಿಂದೊಂದು ತೋರಿಸುತ್ತ ಕೂರುತ್ತಿತ್ತು. ಗಿರಾಕಿ ಕಾದು ಕಾದು ಪಕ್ಕದ ಬೀದಿಗೆ ಹೋಗುತ್ತಿದ್ದ. ಈ ಹುಡುಕಾಟವನ್ನು ಸರಿಪಡಿಸಲೆಂದು ಹಿಂದಿನ ದಿನವಷ್ಟೇ ಕಂಪನಿಯಿಂದ ಒಬ್ಬ ಮೇಡಂ ಬಂದು ಹೋಗಿದ್ದರು.

"ನೋಡಿ ಸರ್, ಒಂದೊಂದು ವಸ್ತುವನ್ನೂ ಒಂದೊಂದು ವರ್ಗಕ್ಕೆ ಸೇರಿಸ್ಬೇಕು. ಬಣ್ಣದ್ದು ಬಣ್ಣಕ್ಕೆ, ನೀರಿಂದು ನೀರಿಗೆ."

"ಆಯ್ತು."

"ಆಮೇಲೆ ಇಲ್ಲಿ ನೋಡಿ, ಗಿರಾಕಿಗಳು ಕರೆಯೋ ಹೆಸರು ಅಂತ ಒಂದು ಜಾಗ ಇದೆ. ಜನ ಕಂಪನಿ ಹೆಸರು ಹೇಳಲ್ಲ. ಅವರ ಬಾಯಲ್ಲಿ ಏನು ಬರುತ್ತೋ ಅದನ್ನೇ ಇಲ್ಲಿ ಹಾಕಿ. ಕೇಳಿದ್ದನ್ನ ಕೇಳಿದ ಹಾಗೇ ಟೈಪ್ ಮಾಡಿ."

"ಆಯ್ತು."

"ಜಾಸ್ತಿ ಹುಡುಕಿದ್ದು ತಾನಾಗೇ ಮೇಲೆ ಬರುತ್ತೆ, ಹೊರಗಿನ ಪರದೇಲೂ ಕಾಣುತ್ತೆ. ಮಾಲು ಸಾಲದೆ ಬರೋ ಮೊದಲೇ ಸಗಟು ವ್ಯಾಪಾರಿಗೆ ಆರ್ಡರೂ ಹೋಗುತ್ತೆ. ಅರ್ಥ ಆಯ್ತಾ ಸರ್?"

"ಆಯ್ತು" ಎಂದ ಆಯ್ತಣ್ಣ. ಅವನ ಜೀವಮಾನದಲ್ಲಿ ಆ ಮಾತು ಅಷ್ಟು ಸುಳ್ಳಾಗಿದ್ದು ಅದೇ ಮೊದಲು.

ಮೇಡಂ ಹೋದ ಮೇಲೆ ಭಾವ ಕನ್ನಡಕ ತೆಗೆದು ಒರೆಸಿದ. ಭಾವ ಕನ್ನಡಕ ಒರೆಸಿದರೆ ತೀರ್ಪು ಬರುತ್ತದೆ ಎಂದು ಎಲ್ಲರಿಗೂ ಗೊತ್ತು. "ನೋಡೋ, ಈ ವಾರದೊಳಗೆ ಹುಡುಕಾಟ ಸರಿಹೋದ್ರೆ ಈ ಕೌಂಟರು ನಿಂದು. ಹೋಗ್ಲಿಲ್ವೋ, ನೀನು ಗೋಡೌನಿಗೆ. ನಿನ್ನಕ್ಕ ಅತ್ತರೂ ಅಷ್ಟೆ, ಕರೆದರೂ ಅಷ್ಟೆ."

ಗೋಡೌನು ಅಂಗಡಿಯ ಹಿಂದೆಯೇ ಇತ್ತು. ಪಕ್ಕದ ಗೋಡೆಯಲ್ಲಿ ಸರಳು ಹಾಕಿದ ಒಂದು ಕಿಂಡಿ, ಒಳಗೆ ಸಿಮೆಂಟಿನ ವಾಸನೆ, ಮಾತಾಡಲು ನರಪಿಳ್ಳೆ ಇಲ್ಲ. ಊಟವಿಲ್ಲದೆ ಬೇಕಾದರೂ ಆಯ್ತಣ್ಣ ಇದ್ದಾನು, ಹರಟೆಯಿಲ್ಲದೆ ಮಧ್ಯಾಹ್ನದವರೆಗೂ ಬದುಕಲಾರ. ಇದರ ಮೇಲೆ ಅವನ ಹೆಂಡತಿ ನೆಂಟರಿಗೆಲ್ಲ ಫೋನು ಮಾಡಿ, "ನಮ್ಮ ಯಜಮಾನ್ರು ಈಗ ಕಂಪ್ಯೂಟರ್ ವಿಭಾಗದ ಮುಖ್ಯಸ್ಥರು" ಎಂದು ಹೇಳಿಯೂ ಆಗಿತ್ತು. ಆ ವಿಭಾಗದಲ್ಲಿ ಇನ್ನು ಯಾರಿದ್ದಾರೆ ಎಂದು ಅವನ ನಾದಿನಿ ಕೇಳಿದ್ದಕ್ಕೆ, "ಕಂಪ್ಯೂಟರ್ ಇದೆಯಲ್ಲ" ಎಂದಿದ್ದಳು.

ಅಂಗಡಿಯ ಮೆಟ್ಟಿಲ ಮೇಲೆ ಕೀಲಿಯಣ್ಣ ಆಗಲೇ ಬಂದು ಕೂತಿದ್ದ. ಕೀಲಿಗೆ ನಕಲು ಮಾಡಿಕೊಡುವುದು ಅವನ ಕಸುಬು. ಗೋಡೆಯ ಮೊಳೆಗೆ ಒಂದು ಹಲಗೆ, ಹಲಗೆಯ ತುಂಬ ಸಾಲುಸಾಲಾಗಿ ದಾರದಲ್ಲಿ ತೂಗುವ ಕೊರೆಯದ ಕೀಲಿಗಳು, ಮುಂದೆ ಕೀಲಿ ಉಜ್ಜುವ ಒಂದು ಅರ, ತಿರುಗಿಸಿ ಕೀಲಿ ಕೊರೆಯುವ ಒಂದು ಹಿಡಿಕೆ ಯಂತ್ರ. ಈ ಬೀದಿಯಲ್ಲಿ ಕೀಲಿ ಕಳೆದುಕೊಳ್ಳದ ಮನೆಯಿಲ್ಲ, ಅವನ ಕೈಗೆ ಬರದ ಕೀಲಿಯಿಲ್ಲ. ಗಾಳಿಗೆ ಹಲಗೆಯ ಕೀಲಿಗಳೆಲ್ಲ ಕಿಣಿಕಿಣಿ ಎನ್ನುತ್ತಿದ್ದವು.

"ಏನು ಮುಖ್ಯಸ್ಥರೇ, ಇವತ್ತು ಗಾಳಿಗೂ ಒಂದು ವರ್ಗ ಮಾಡ್ತೀರೋ?" ಎಂದ ಕೀಲಿಯಣ್ಣ.

"ಆಯ್ತು" ಎಂದು ಆಯ್ತಣ್ಣ ಒಳಗೆ ಹೋದ.

ಒಳಗೆ ಸಾವಿರಾರು ವಸ್ತುಗಳು ಹೆಸರಿಗಾಗಿ ಕಾದು ನಿಂತಿದ್ದವು. ಎಲ್ಲಿಂದ ಶುರು ಮಾಡುವುದು? ಅವನು ಕೀಬೋರ್ಡಿನ ಮೇಲೆ ಬೆರಳಿಟ್ಟು ದೇವರನ್ನು ನೆನೆಯುವಷ್ಟರಲ್ಲಿ, ದೇವರೇ ಕಳಿಸಿದಂತೆ ಮೂಲೆಮನೆಯ ಅಜ್ಜಿ ಬಂದರು. ಸೆರಗು ಗಾಳಿಗೆ ಹಾರದಂತೆ ಸೊಂಟಕ್ಕೆ ಬಿಗಿದಿದ್ದರು.

"ಅದು ಕೊಡಪ್ಪ."

"ಯಾವುದು ಅಜ್ಜಿ?"

"ಅದೇ ಕಣಪ್ಪಾ, ಅದು. ಇದಕ್ಕೆ ಹಾಕೋದು."

"ಯಾವುದಕ್ಕೆ?"

"ಗಾಳಿಗೆ! ರಾತ್ರಿಯೆಲ್ಲಾ ಬಡ್ಕೊಂತು, ಕಣ್ಣು ಮುಚ್ಚಕ್ಕೆ ಬಿಡ್ಲಿಲ್ಲ." ಅಜ್ಜಿ ಎಡಗೈ ಬಾಗಿಲು ಮಾಡಿ, ಬಲಗೈಯ ತೋರುಬೆರಳನ್ನು ಅದರ ಮೇಲೆ ಅಡ್ಡ ಸರಿಸಿದರು.

ಆಯ್ತಣ್ಣನ ಕೈ ತಾನಾಗಿ ಹೋಗಿ ಬಾಗಿಲ ಚಿಲಕ ತಂದಿತು. ಅಜ್ಜಿ ಹೋದ ಮೇಲೆ ಅವನು ಶ್ರದ್ಧೆಯಿಂದ ಕೂತು, ಮೇಡಂ ಹೇಳಿದ್ದನ್ನು ಅಕ್ಷರಶಃ ಪಾಲಿಸಿದ. ವಸ್ತು, ಚಿಲಕ. ಗಿರಾಕಿಗಳು ಕರೆಯುವ ಹೆಸರು: ಅದು, ಅದೇ, ಇದಕ್ಕೆ ಹಾಕೋದು. ವರ್ಗ ಯಾವುದು ಎಂದು ಯಂತ್ರ ಒಂದಿಷ್ಟು ಹೆಸರು ತೋರಿಸಿತು. ಅದರಲ್ಲಿ ಓದಲು ಗಂಭೀರವಾಗಿದ್ದ 'ಮನೆ ಭದ್ರತೆ'ಯನ್ನು ಒತ್ತಿದ. ಆಮೇಲೆ ಪರೀಕ್ಷೆಗೆಂದು 'ಅದು' ಎಂದು ಹೊಡೆದು ನೋಡಿದ. ಕಣ್ಣು ಮಿಟುಕಿಸುವುದರೊಳಗೆ ಚಿಲಕ ಬಂದು ನಿಂತಿತು! ಆಯ್ತಣ್ಣನ ಮೈ ಜುಮ್ಮೆಂದಿತು. ಇಷ್ಟೇ ತಾನೆ ಕಂಪ್ಯೂಟರು ಎಂದುಕೊಂಡ.

ಇಲ್ಲಿ ಒಂದು ಮಾತು. ದೇವರು ಮನುಷ್ಯನಿಗೆ ದೊಡ್ಡ ಭಾಷೆ ಕೊಟ್ಟಿದ್ದಾನೆ, ಬೈಯಲು ಬೇರೆ ಪದ, ಓಲೈಸಲು ಬೇರೆ ಪದ. ಆದರೆ ಅಂಗಡಿಯ ಕೌಂಟರಿನ ಮುಂದೆ ನಿಂತ ಗಳಿಗೆಯಲ್ಲಿ ಅವೆಲ್ಲ ಹಾರಿಹೋಗಿ ಒಂದೇ ಒಂದು ಮಾತು ಉಳಿಯುತ್ತದೆ: ಅದು. ತಿಳಿದವರು ಪರಮಾತ್ಮನನ್ನೂ 'ಅದು' ಎಂದಷ್ಟೇ ಕರೆದು ಸುಮ್ಮನಾದರಂತೆ. ಹೀಗಿರುವಾಗ ನಲ್ಲಿಗೆ ಸುತ್ತುವ ಟೇಪಿಗೆ ಬೇರೆ ಹೆಸರು ಹುಡುಕುವವರು ಯಾರು?

ನಲ್ಲಿ ರಿಪೇರಿಯವನು ಬಂದ. "ಅದು ಕೊಡಣ್ಣ, ಸುತ್ತೋದು." ಆಯ್ತಣ್ಣ 'ಅದು' ಎಂದು ಹೊಡೆದ, ಚಿಲಕ ಬಂತು. ಕೈ ಟೇಪು ತಂದುಕೊಟ್ಟಿತು. ಬಣ್ಣ ಬಳಿಯುವವನು ಬಂದ. "ಅದೇ ಅಣ್ಣ, ಮೊನ್ನೆ ತಗೊಂಡಿದ್ನಲ್ಲ." ಚಿಲಕ. ಕೈ ಕುಂಚ ತಂದುಕೊಟ್ಟಿತು. ಮೇಷ್ಟ್ರು ಬಂದರು, ಮೇಷ್ಟ್ರ ಹೆಂಡತಿ ಬಂದರು, "ಅವರು ಕೇಳಿದ್ದು ಅದಲ್ಲ, ಅದು" ಎಂದರು. ಎರಡು ಸಲ ಚಿಲಕ. ಗಿರಾಕಿಗೆ ಬೇಕಾದ್ದು ಸಿಕ್ಕಿತು, ಯಂತ್ರಕ್ಕೆ ಬೇಕಾದ್ದು ಯಂತ್ರಕ್ಕೆ ಸಿಕ್ಕಿತು, ಯಾರಿಂದಲೂ ದೂರಿಲ್ಲ. ಪ್ರತಿ ಸಲವೂ ಚಿಲಕವೇ ಬರುತ್ತಿದೆಯಲ್ಲ ಎಂದು ಆಯ್ತಣ್ಣನಿಗೆ ಒಮ್ಮೆ ಅನ್ನಿಸದೆ ಇರಲಿಲ್ಲ. ಹೊಸದು, ಪಾಪ, ಕಲಿಯುತ್ತಿದೆ ಎಂದು ಕ್ಷಮಿಸಿದ. ಭಾವ ದೂರದಿಂದ ನೋಡುತ್ತಿದ್ದ. ಟೈಪು ಮಾಡಿದ ಕೂಡಲೇ ಉತ್ತರ ಬೀಳುತ್ತಿದೆ! "ಪರವಾಗಿಲ್ಲ ಕಣೋ ನೀನು" ಎಂದು ತಾನೇ ಎದ್ದು ಬಂದು ಫ್ಯಾನನ್ನು ಅವನ ಕಡೆಗೆ ತಿರುಗಿಸಿದ.

ಸಂಜೆಯ ಹೊತ್ತಿಗೆ ಹೊರಗಿನ ಪರದೆಯ ಮೇಲೆ ಕೆಂಪು ಅಕ್ಷರ ಮೂಡಿತು.

'ಈ ಬೀದಿಯಲ್ಲಿ ಜನ ಈಗ ಅತಿ ಹೆಚ್ಚು ಹುಡುಕುತ್ತಿರುವುದು: ಚಿಲಕ. ವರ್ಗ: ಮನೆ ಭದ್ರತೆ.'

ಅದನ್ನು ಮೊದಲು ಓದಿದವರು ಬೀದಿ ಸಂಘದ ಅಧ್ಯಕ್ಷರು. ನಿವೃತ್ತ ಕಚೇರಿ ಅಧಿಕಾರಿ. ಏನು ಓದಿದರೂ ಜೋರಾಗಿ ಓದುವವರು, ಔಷಧಿ ಬಾಟಲಿಯ ಮೇಲಿನದನ್ನೂ. ಅವರು ಓದಿ ಮುಗಿಸಿ ಬೀದಿಯ ಆ ಕೊನೆ ಈ ಕೊನೆ ನೋಡಿದರು.

"ಯಾಕೆ?" ಎಂದರು.

ಒಂದೇ ಪದ. ಆದರೆ ಕಚೇರಿಯಲ್ಲಿ ಕೂತು ಕೂತು ಪಳಗಿದ ಧ್ವನಿ. "ಯಾಕೆ ಇದ್ದಕ್ಕಿದ್ದ ಹಾಗೆ ಎಲ್ಲರೂ ಚಿಲಕ ಹುಡುಕ್ತಿದಾರೆ? ನಮಗೆ ಗೊತ್ತಿಲ್ಲದ್ದು ಅವರಿಗೇನೋ ಗೊತ್ತಿದೆ."

ಪಕ್ಕದಲ್ಲಿದ್ದ ದರ್ಜಿ, "ರಾತ್ರಿ ನಮ್ಮ ಬಾಗಿಲು ಯಾರೋ ತಟ್ಟಿದ್ರು ಸಾರ್" ಎಂದ.

"ನಮ್ಮದೂ!" ಎಂದರು ಮೇಷ್ಟ್ರ ಹೆಂಡತಿ. "ಯಾರು ಅಂತ ಕೂಗಿದೆ, ಮಾತೇ ಇಲ್ಲ!"

ಗಾಳಿ ಎಂದು ಹೇಳಲು ಅಲ್ಲಿ ಯಾರೂ ಇರಲಿಲ್ಲವೆಂದಲ್ಲ. ಹೇಳಿದರೆ ಮಾತಿನ ರುಚಿ ಕೆಡುತ್ತಿತ್ತು. ದೀಪ ಹಚ್ಚುವ ಹೊತ್ತಿಗೆ ಕಳ್ಳರ ಗುಂಪೊಂದು ಬೀದಿಯಲ್ಲಿ ಓಡಾಡುತ್ತಿದೆ ಎಂದಾಯಿತು. ಊಟದ ಹೊತ್ತಿಗೆ ಅವರ ಎತ್ತರ, ಬಣ್ಣ, ಅಂಗಿಯ ಪಟ್ಟೆ ಎಲ್ಲವೂ ಗೊತ್ತಾಯಿತು.

ಮಾರನೆ ದಿನ ಅಂಗಡಿಯ ಬಾಗಿಲೆತ್ತುವ ಮುಂಚೆಯೇ ಜನ ನಿಂತಿದ್ದರು. ಈಗ ಯಾರೂ 'ಅದು' ಎನ್ನಲಿಲ್ಲ; ಎಲ್ಲರೂ ಬಾಯಿ ತುಂಬ "ಚಿಲಕ! ಚಿಲಕ!" ಎಂದರು. ಮುಂಬಾಗಿಲಿಗೆ ಒಂದು, ಹಿತ್ತಿಲಿಗೆ ಒಂದು, ಕಿಟಕಿಗೆ ಒಂದು. ದರ್ಜಿ ತನ್ನ ಹೊಲಿಗೆ ಯಂತ್ರದ ಮುಚ್ಚಳಕ್ಕೂ ಒಂದು ಕೊಂಡ. ಸಗಟು ವ್ಯಾಪಾರಿಯ ಕಡೆಯಿಂದ ಫೋನು ಬಂತು, "ನಿಮ್ಮ ಕಂಪ್ಯೂಟರು ಕೇಳಿದ ಮಾಲು ಹೊರಟಿದೆ, ಲಾರಿ ತುಂಬ ಚಿಲಕ." ಭಾವ ಖುಷಿಯಿಂದ ನೆಂಟರೆದುರು, "ನಮ್ಮ ಭಾವಮೈದ ಅಂದ್ರೆ ಏನಂದ್ಕೊಂಡಿದೀರಿ, ಜನರ ಮನಸ್ಸನ್ನ ಜನಕ್ಕಿಂತ ಮೊದಲು ಹುಡುಕ್ತಾನೆ" ಎಂದ. ಆಯ್ತಣ್ಣನಿಗೂ ತಾನು ಅಂಥವನೇ ಇರಬೇಕು ಎನ್ನಿಸಿತು. ಕಳ್ಳರೂ ಇರಬೇಕು ಎನ್ನಿಸಿತು. ಇಷ್ಟು ಜನ ಸುಮ್ಮನೆ ಕೊಳ್ಳುತ್ತಾರೆಯೇ?

ಸಂಜೆ ಒಂದು ಚೀಲ ಚಿಲಕದೊಡನೆ ಮನೆಗೆ ಹೋದರೆ ಹೆಂಡತಿ ಬಾಗಿಲು ತೆಗೆಯಲಿಲ್ಲ.

"ನಾನು ಕಣೇ."

"ಕಳ್ಳನೂ ಹಾಗೇ ಹೇಳ್ತಾನೆ."

"ನನ್ನ ಧ್ವನಿ ಗೊತ್ತಾಗಲ್ವೇನೇ?"

"ಧ್ವನಿ ಯಾರು ಬೇಕಾದ್ರೂ ಮಾಡ್ತಾರೆ. ನಮ್ಮಮ್ಮ ಒಳ್ಳೆಯವರೋ ಕೆಟ್ಟವರೋ ಹೇಳಿ."

"ಆಯ್ತು" ಎಂದ ಆಯ್ತಣ್ಣ.

ಬಾಗಿಲು ತೆರೆಯಿತು. "ನೀವೇ" ಎಂದಳು.

ಬೀದಿಗೆ ಒಂದು ಭಯ ಹುಟ್ಟಿದರೆ ಅದು ಹಸಿದ ಕೂಸಿನಂತೆ. ಸುಮ್ಮನೆ ಬಿಟ್ಟರೆ ಅಳುತ್ತದೆ, ಯಾರದಾದರೂ ಮಡಿಲಲ್ಲಿ ಹಾಕಬೇಕು. ಅದರ ಮರುದಿನ ಅಧ್ಯಕ್ಷರು ಅಂಗಡಿಯ ಮುಂದೆ ನಿಂತು ಯೋಚಿಸಿದರು. ಕಳ್ಳರಿದ್ದಾರೆ, ಸರಿ. ಆದರೆ ಇಷ್ಟು ದಿನವಾದರೂ ಯಾವ ಬಾಗಿಲೂ ಮುರಿದಿಲ್ಲ, ಯಾವ ಬೀಗವೂ ಒಡೆದಿಲ್ಲ. ಹಾಗಾದರೆ ಅವರಿಗೆ ಒಡೆಯುವ ಅಗತ್ಯವೇ ಇಲ್ಲ! ಅಧ್ಯಕ್ಷರ ನೋಟ ನಿಧಾನವಾಗಿ ಕೆಳಗಿಳಿದು ಮೆಟ್ಟಿಲಿಗೆ ಬಂತು.

"ಈ ಬೀದಿಯ ಎಲ್ಲಾ ಮನೆ ಕೀಲಿ ನಿನ್ನ ಕೈಗೆ ಬಂದಿದೆ, ಅಲ್ವೇನಯ್ಯಾ?"

ಕೀಲಿಯಣ್ಣ ಅರ ಕೆಳಗಿಟ್ಟ. "ಬಂದಿದೆ ಸ್ವಾಮಿ. ನಿಮ್ಮದು ಜಾಸ್ತಿ ಬಂದಿದೆ. ನಿಮ್ಮಷ್ಟು ಕಳ್ಕೊಳ್ಳೋರು ಬೇರೆ ಯಾರೂ ಇಲ್ಲ."

"ನಗಬೇಡ. ಒಂದು ನಕಲು ಮಾಡುವಾಗ ಇನ್ನೊಂದು ಮಾಡ್ಕೊಳ್ಳಲ್ಲ ಅಂತ ಏನು ಗ್ಯಾರಂಟಿ?"

"ಮಾಡ್ಕೊಂಡಿದ್ರೆ ಈ ಮೆಟ್ಟಿಲ ಮೇಲೆ ಯಾಕೆ ಕೂತಿರ್ತಿದ್ದೆ ಸ್ವಾಮಿ? ನಿಮ್ಮ ಸೋಫಾ ಮೇಲೆ ಕೂತಿರ್ತಿದ್ದೆ."

ಬೇರೆ ದಿನವಾಗಿದ್ದರೆ ಎಲ್ಲರೂ ನಗುತ್ತಿದ್ದರು. ಆವತ್ತು ದರ್ಜಿ, "ನೋಡಿ, ಸೋಫಾ ಇರೋದೂ ಇವನಿಗೆ ಗೊತ್ತಿದೆ" ಎಂದ. ಅಧ್ಯಕ್ಷರು ಮೊಳೆಯಿಂದ ಕೀಲಿಗಳ ಹಲಗೆಯನ್ನು ತೆಗೆದರು. "ವಿಚಾರಣೆ ಮುಗಿಯೋ ತನಕ ಇದು ಸಂಘದ ವಶದಲ್ಲಿರುತ್ತೆ" ಎಂದು ಎದೆಗೆ ಅವುಚಿಕೊಂಡು ಹೊರಟರು. ಕೀಲಿಗಳು ಬೀದಿಯುದ್ದಕ್ಕೂ ಕಿಣಿಕಿಣಿ ಎನ್ನುತ್ತ ಹೋದವು.

ಕೀಲಿಯಣ್ಣ ಖಾಲಿ ಮೊಳೆಯನ್ನು ನೋಡುತ್ತ ಕೂತ. ಹಲಗೆಯಿಲ್ಲದೆ ಅವನಿಗೆ ಕೊರೆಯಲು ಕೀಲಿಯಿಲ್ಲ, ಇದ್ದರೂ ತರುವವರಿಲ್ಲ. ನಿನ್ನೆಯವರೆಗೆ ಅವನ ಪಕ್ಕ ಕೂತು ಚಹಾ ಕುಡಿಯುತ್ತಿದ್ದವರು ಈಗ ಜೇಬು ಹಿಡಿದುಕೊಂಡು ಮೆಟ್ಟಿಲು ಹತ್ತುತ್ತಿದ್ದರು. ಭಾವ ಹೊರಗೆ ಬಂದು ಕನ್ನಡಕ ಒರೆಸಿದ. "ತಪ್ಪು ತಿಳ್ಕೋಬೇಡಪ್ಪ. ಗಿರಾಕಿಗಳು ಹೆದರ್ತಾರೆ. ಸ್ವಲ್ಪ ದಿನ ಬೇರೆ ಎಲ್ಲಾದ್ರೂ ಕೂತ್ಕೋ."

"ಎಲ್ಲಿ ಕೂರಲಿ ಯಜಮಾನ್ರೇ? ಒಂದು ಸಲ ಇಲ್ಲಿಂದ ಎಬ್ಬಿಸಿದ್ರು ಅಂದ್ರೆ ಬೇರೆ ಯಾವ ಬೀದೀಲಿ ಕೂರಿಸ್ತಾರೆ?"

ಭಾವ ಗಡಿಯಾರ ನೋಡಿದ. ಹೊತ್ತಾಯಿತು ಎಂದು ಒಳಗೆ ಬಂದ.

ಅಷ್ಟರಲ್ಲಿ ಕೌಂಟರಿನ ಫೋನು ಹೊಡೆದುಕೊಂಡಿತು. ಮೇಡಂ.

"ಸರ್, ನಿಮ್ಮ ಅಂಗಡಿಯ ಹುಡುಕಾಟ ನೋಡ್ತಾ ಇದ್ದೆ. ಏನು ಕೇಳಿದ್ರೂ ಚಿಲಕ ಬರ್ತಿದೆ! ಚಿಲಕಕ್ಕೆ 'ಅದು' ಅಂತ ಹೆಸರು ಕೊಟ್ಟಿದೀರಾ?"

"ಜನ ಹಾಗೇ ಕೇಳೋದು ಮೇಡಂ."

"ಅಯ್ಯೋ, ಜನ ಎಲ್ಲಾದಕ್ಕೂ ಹಾಗೇ ಕೇಳೋದು ಸರ್! ಮೊದಲ ದಿನ ಯಾರೂ ಚಿಲಕ ಹುಡುಕಿಲ್ಲ. ಮಾರಾಟ ಆಗಿದ್ದು ಒಂದೇ, ಉಳಿದಿದ್ದೆಲ್ಲಾ ನೀವು 'ಅದು' ಅಂತ ಟೈಪ್ ಮಾಡಿದ್ದು."

ಆಯ್ತಣ್ಣ ಫೋನನ್ನು ಇಟ್ಟ. ಹೊರಗೆ ನೋಡಿದ. ಕೀಲಿಯಣ್ಣ ಅರ, ಸುತ್ತಿಗೆ, ಹಿಡಿಕೆ ಯಂತ್ರಗಳನ್ನು ಒಂದೊಂದಾಗಿ ಚೀಲಕ್ಕೆ ತುಂಬುತ್ತಿದ್ದ.

ಹೇಳಬೇಕು. ಹೇಳಿದರೆ ಗೋಡೌನು. ಹೇಳದಿದ್ದರೆ ಆ ಚೀಲ ಬೀದಿ ಬೀದಿ ಅಲೆಯಬೇಕು. ಆಯ್ತಣ್ಣ ಹೇಳಿಯೇಬಿಟ್ಟ. ಮೊದಲು ಭಾವನಿಗೆ.

ಭಾವ ಅವನ ಬಾಯಿಗೆ ಕೈ ಅಡ್ಡ ಇಟ್ಟ. "ಮೆಲ್ಲಗೆ! ಲಾರಿ ದಾರೀಲಿದೆ. ಆ ಚಿಲಕವೆಲ್ಲಾ ಖಾಲಿಯಾಗೋ ತನಕ ಕಳ್ಳರಿದಾರೆ. ಆಮೇಲೆ ಬೇಕಾದ್ರೆ ಇಲ್ಲ ಅನ್ನೋಣ."

ಊಟದ ಹೊತ್ತಿಗೆ ಮನೆಗೆ ಓಡಿ ಹೆಂಡತಿಗೆ ಹೇಳಿದ. ಅವಳು ಒಳಗಿನಿಂದ ಎಲ್ಲ ಚಿಲಕಗಳನ್ನೂ ತೆಗೆಯುವಷ್ಟರಲ್ಲಿ ಅರ್ಧ ಧೈರ್ಯ ಇಳಿದುಹೋಗಿತ್ತು. "ಸುಮ್ನಿರಿ. ನಿಮ್ಮ ತಂಗಿಗೆ ಹೇಳಾಗಿದೆ, ನಮ್ಮ ಚಿಕ್ಕಮ್ಮನಿಗೆ ಹೇಳಾಗಿದೆ. ಈಗ ಹೋಗಿ ಕಳ್ಳ ಇಲ್ಲ ಅಂದ್ರೆ ನಾನು ಮುಖ ಎಲ್ಲಿಟ್ಕೊಳ್ಳಲಿ?"

ಕೊನೆಗೆ ಅಧ್ಯಕ್ಷರ ಮನೆಗೇ ಹೋದ. ಅವರು ಕಿಟಕಿಯ ಸಂದಿಯಿಂದಲೇ ಕೇಳಿಸಿಕೊಂಡರು.

"ಕಳ್ಳರಿಲ್ಲ ಅಂತ ನಿನಗೆ ಹೇಗೆ ಗೊತ್ತು?"

"ಚಿಲಕ ಹುಡುಕಿದ್ದು ನಾನು ಸಾರ್."

"ನೀನು ಯಾಕೆ ಹುಡುಕಿದೆ?"

"ಮೇಷ್ಟ್ರು ಕೇಳಿದ್ರು ಸಾರ್."

"ಮೇಷ್ಟ್ರು ಚಿಲಕ ಕೇಳಿದ್ರಾ?"

"ಇಲ್ಲ ಸಾರ್, ಅವರು ಕೇಳಿದ್ದು ಬಕೆಟ್ಟು."

ಅಧ್ಯಕ್ಷರು ಕಿಟಕಿ ಮುಚ್ಚಿದರು. ಒಳಗಿನಿಂದ ಚಿಲಕ ಬೀಳುವ ಸದ್ದು ಕೇಳಿಸಿತು. ಆಮೇಲೆ ಅವರ ಧ್ವನಿ, ಫೋನಿನಲ್ಲಿ, "ಹಲೋ, ಠಾಣೆಯೇ? ಅಂಗಡಿಯವನೊಬ್ಬ ಕೀಲಿಯವನನ್ನ ಕಾಪಾಡೋಕ್ಕೆ ಓಡಾಡ್ತಿದಾನೆ. ಇಬ್ಬರೂ ಸೇರಿದಾರೆ ಅಂತ ಕಾಣುತ್ತೆ."

ಮಧ್ಯಾಹ್ನ ಇನ್‌ಸ್ಪೆಕ್ಟರು ಬಂದರು, ಜೊತೆಗೆ ಒಬ್ಬ ಪೇದೆ. ಗಾಳಿಗೆ ಅವರ ಟೋಪಿ ಒಂದು ಸಲ ಚರಂಡಿಯವರೆಗೆ ಹೋಗಿ ಬಂದಿತ್ತು, ಹಾಗಾಗಿ ಯಾರ ಮೇಲೂ ಒಳ್ಳೆಯ ಅಭಿಪ್ರಾಯ ಇರಲಿಲ್ಲ. ಬೀದಿಯೆಲ್ಲ ಅಂಗಡಿಯ ಮುಂದೆ ಸೇರಿತು. ಕೀಲಿಯಣ್ಣ ಚೀಲ ತೊಡೆಯ ಮೇಲಿಟ್ಟುಕೊಂಡು ಕೂತೇ ಇದ್ದ. ಎಲ್ಲಿಗೆ ಹೋಗಬೇಕೆಂದು ಅವನಿಗಿನ್ನೂ ತೋಚಿರಲಿಲ್ಲ.

"ಇವನನ್ನ ಠಾಣೆಗೆ ಕರ್ಕೊಂಡು ಹೋಗಿ ವಿಚಾರಿಸ್ತೀವಿ" ಎಂದರು ಇನ್‌ಸ್ಪೆಕ್ಟರು. "ಅಂಗಡಿಯವರದು ಏನಾದ್ರೂ ಹೇಳೋದಿದೆಯಾ?"

ಭಾವ ಕನ್ನಡಕ ಒರೆಸಿದ. ಆಯ್ತಣ್ಣ ಮುಂದೆ ಬಂದ. ಎದೆಯೊಳಗೆ ದೊಡ್ಡದೊಂದು ಭಾಷಣ ಸಿದ್ಧವಾಗಿತ್ತು. ಬಾಯಿ ತೆರೆದ.

"ಆಯ್ತು" ಎಂದ.

ಪೇದೆ ಕೀಲಿಯಣ್ಣನ ತೋಳು ಹಿಡಿದ.

"ಅಲ್ಲ! ಆಯ್ತು ಅಲ್ಲ! ಸಾರ್, ಕಳ್ಳ ನಾನು! ಅಂದ್ರೆ, ಕಳ್ಳ ಇಲ್ಲ. ಇರೋದು ನಾನು ಮಾತ್ರ!"

ಪೇದೆ ಕೀಲಿಯಣ್ಣನನ್ನು ಬಿಟ್ಟು ಆಯ್ತಣ್ಣನನ್ನು ಹಿಡಿದ. ಎಲ್ಲೋ ಹಿಂದಿನಿಂದ ಅವನ ಹೆಂಡತಿ, "ಅಯ್ಯೋ, ಮುಖ್ಯಸ್ಥರನ್ನ ಹಿಡಿದ್ರು!" ಎಂದು ಕೂಗಿದಳು.

"ಸಾರ್, ಒಂದೇ ನಿಮಿಷ. ನಿಮಗೆ ಈ ಅಂಗಡಿಯಿಂದ ಏನಾದ್ರೂ ಬೇಕಾ?"

ಇನ್‌ಸ್ಪೆಕ್ಟರ ಹುಬ್ಬು ಏರಿತು. "ಇಷ್ಟು ಜನರೆದುರು ಲಂಚ ಕೊಡ್ತೀಯೇನಯ್ಯಾ?"

"ಕೊಡಲ್ಲ ಸಾರ್, ಬರೀ ಕೇಳಿ. ಗಿರಾಕಿ ಥರ ಕೇಳಿ."

ಇನ್‌ಸ್ಪೆಕ್ಟರು ಟೋಪಿ ಸರಿಮಾಡಿಕೊಂಡು ಯೋಚಿಸಿದರು. ಅವರ ಮುಖದ ಮೇಲೆ ಮನೆಯ ಚಿಂತೆಯೊಂದು ಹಾದುಹೋಯಿತು. "ನಮ್ಮ ಬಚ್ಚಲು ಕಟ್ಕೊಂಡಿದೆ. ಅದು ಇದೆಯಾ, ಅದು? ಉದ್ದ ಕೋಲು ಇರುತ್ತಲ್ಲ, ಕೆಳಗಡೆ ರಬ್ಬರು, ಹೀಗೆ ಹೀಗೆ…" ಎಂದು ಎರಡೂ ಕೈಯಿಂದ ಗಾಳಿಯನ್ನು ಒತ್ತಿ ಒತ್ತಿ ಎತ್ತಿದರು. ಸಮವಸ್ತ್ರದಲ್ಲಿದ್ದುದರಿಂದ ಯಾರೂ ನಗಲಿಲ್ಲ.

ಆಯ್ತಣ್ಣ ಪೇದೆಯ ಹಿಡಿತದಲ್ಲಿಯೇ ಕೀಬೋರ್ಡಿಗೆ ಬಗ್ಗಿ 'ಅದು' ಎಂದು ಹೊಡೆದ. ಪರದೆಯ ಮೇಲೆ ಚಿಲಕ ಬಂದು ನಿಂತಿತು.

"ನಾನು ಚಿಲಕ ಕೇಳ್ಲಿಲ್ಲವಲ್ಲ" ಎಂದರು ಇನ್‌ಸ್ಪೆಕ್ಟರು.

"ಯಾರೂ ಕೇಳ್ಲಿಲ್ಲ ಸಾರ್! ಈ ಬೀದಿಯವರೆಲ್ಲಾ 'ಅದು' ಅಂದ್ರು. ನಾನು ಪೆದ್ದ, 'ಅದು' ಅಂದ್ರೆ ಚಿಲಕ ಅಂತ ಇದಕ್ಕೆ ಹೇಳಿಕೊಟ್ಟೆ. ಇದು ಹೋಗಿ ಪರದೆ ಮೇಲೆ ಬರೀತು. ಪರದೆ ನೋಡಿ ಇವರೆಲ್ಲಾ ಕಳ್ಳನ್ನ ಹುಟ್ಟಿಸಿದ್ರು. ಬಾಗಿಲು ಬಡಿದಿದ್ದು ಗಾಳಿ."

"ಅಸಂಬದ್ಧ" ಎಂದು ಅಧ್ಯಕ್ಷರು ಗುಂಪನ್ನು ಸೀಳಿಕೊಂಡು ಬಂದರು. "ಜವಾಬ್ದಾರಿಯುತ ನಾಗರಿಕರು ಅದು ಇದು ಅಂತ ಮಾತಾಡಲ್ಲ. ನಾನು ಸೇವೆಯಲ್ಲಿದ್ದಷ್ಟು ಕಾಲವೂ ಸ್ಪಷ್ಟವಾಗಿ ಮಾತಾಡಿದವನು. ನನ್ನನ್ನ ಕೇಳು, ನಾನು ಹೇಳ್ತೀನಿ."

"ನಿಮಗೇನು ಬೇಕು ಸಾರ್?"

"ನನಗೆ ಬೇಕಾದ್ದು," ಎಂದು ಅಧ್ಯಕ್ಷರು ಗಂಟಲು ಸರಿಮಾಡಿಕೊಂಡರು, "ನಮ್ಮ ಪಡಸಾಲೆಯ ಗೋಡೆಯಲ್ಲಿ… ಬಲ್ಬು ಸಿಕ್ಕಿಸ್ತಾರಲ್ಲ… ಬಲ್ಬಲ್ಲ, ಬಲ್ಬಿನ ಹಿಂದೆ… ದುಂಡಗೆ…" ಬೆರಳುಗಳು ಗಾಳಿಯಲ್ಲಿ ತಿರುಗಿದವು. ಜನ ಉಸಿರು ಬಿಗಿಹಿಡಿದು ನಿಂತರು. ಅಧ್ಯಕ್ಷರ ಹಣೆಯಲ್ಲಿ ಬೆವರು ಮೂಡಿತು.

"ಅದು" ಎಂದರು.

ಮೂಲೆಮನೆಯ ಅಜ್ಜಿಗೆ ಮೊದಲು ನಗು ಬಂತು. ಆಮೇಲೆ ಯಾರನ್ನೂ ತಡೆಯಲಾಗಲಿಲ್ಲ. ಪೇದೆ ನಗುವ ಭರದಲ್ಲಿ ಆಯ್ತಣ್ಣನ ತೋಳನ್ನು ಬಿಟ್ಟ.

ಆದರೆ ಸೇವೆಯಲ್ಲಿದ್ದವರು ಅಷ್ಟು ಸುಲಭಕ್ಕೆ ಸೋಲುವುದಿಲ್ಲ. "ಇದೊಂದು ಕಾಕತಾಳೀಯ ಇರಬಹುದು. ಬೇರೆ ವಸ್ತು ಬರಿಸಿ ತೋರಿಸು ನೋಡೋಣ!"

ಆಯ್ತಣ್ಣ ಚಿಲಕದ ಹೆಸರಿನಿಂದ 'ಅದು' ತೆಗೆದು, ಕೈಗೆ ಸಿಕ್ಕ ಇನ್ನೊಂದು ವಸ್ತುವಿಗೆ ಅಂಟಿಸಿದ. ಮೇಡಂ ನೋಡಿದ್ದರೆ ಮೆಚ್ಚುತ್ತಿದ್ದರು, ಅಷ್ಟು ಚುರುಕಾಗಿ. ಆಮೇಲೆ ಅದು, ಅದು, ಅದು ಎಂದು ಬೆರಳು ನೋಯುವವರೆಗೆ ಹೊಡೆದ. "ಈಗ ಹೊರಗಿನ ಪರದೆ ನೋಡಿ."

ಎಲ್ಲರೂ ತಿರುಗಿದರು. ಪರದೆ ಒಮ್ಮೆ ಮಿನುಗಿ ಬದಲಾಯಿತ್ತು. ಅಧ್ಯಕ್ಷರು ಅಭ್ಯಾಸಬಲದಿಂದ ಜೋರಾಗಿ ಓದಿದರು.

"ಈ ಬೀದಿಯಲ್ಲಿ ಜನ ಈಗ ಅತಿ ಹೆಚ್ಚು ಹುಡುಕುತ್ತಿರುವುದು: ಇಲಿಬೋನು."

"ನೋಡಿದ್ರಾ?" ಎಂದ ಆಯ್ತಣ್ಣ. "ಇದನ್ನ ಈಗ ತಾನೇ ನಿಮ್ಮ ಕಣ್ಣೆದುರಿಗೇ ನಾನೇ ಮಾಡಿದ್ದು. ಚಿಲಕವೂ ಹೀಗೇ."

ಇನ್‌ಸ್ಪೆಕ್ಟರು ತಲೆಯಾಡಿಸಿದರು. "ಸರಿ. ಕೀಲಿಯವನ ಮೇಲೆ ಏನೂ ಇಲ್ಲ. ಕಳ್ಳರೂ ಇಲ್ಲ. ಇನ್ನೊಂದು ಸಲ ಗಾಳಿ ಮೇಲೆ ದೂರು ಕೊಟ್ರೆ ದೂರು ಕೊಟ್ಟೋರನ್ನೇ ಒಳಗೆ ಹಾಕ್ತೀನಿ."

ಕೀಲಿಯಣ್ಣ ಚೀಲವನ್ನು ತೊಡೆಯಿಂದ ಕೆಳಗಿಳಿಸಿದ. ಜನ ಚದುರಬೇಕಾಗಿತ್ತು. ಚದುರಲಿಲ್ಲ. ಒಬ್ಬರ ಮುಖ ಒಬ್ಬರು ನೋಡಿಕೊಂಡರು. ದರ್ಜಿ ಮೆಲ್ಲಗೆ, "ಅಲ್ಲ, ಇಲಿ ಅಂದ್ಮೇಲೆ ನೆನಪಾಯ್ತು. ಮೊನ್ನೆ ನಮ್ಮ ಅಂಗಡೀಲಿ ಒಂದು ಬಟ್ಟೆ ಕಡಿದಿತ್ತು" ಎಂದ.

"ನಮ್ಮ ಅಟ್ಟದ ಮೇಲೂ ಸದ್ದು" ಎಂದರು ಮೇಷ್ಟ್ರ ಹೆಂಡತಿ.

"ಈಗ ತಾನೇ ಹೇಳಿದ್ನಲ್ಲ, ಅದು ನಾನು ಹೊಡೆದಿದ್ದು!" ಎಂದು ಆಯ್ತಣ್ಣ ಕೂಗಿದ.

"ನೀನು ಹೊಡೆದ್ರೂ ಇಲಿ ಇರೋದು ಇದ್ದೇ ಇರುತ್ತಲ್ಲಪ್ಪ. ಒಂದು ಬೋನು ಕೊಟ್ಟಿರು."

"ನನಗೆರಡು" ಎಂದರು ಅಜ್ಜಿ. ಇನ್‌ಸ್ಪೆಕ್ಟರು ಜೀಪಿನವರೆಗೆ ಹೋದವರು ನಿಂತು, ಆ ಕಡೆ ಈ ಕಡೆ ನೋಡಿ, ಪೇದೆಯ ಕಿವಿಯಲ್ಲಿ ಏನೋ ಹೇಳಿದರು. ಪೇದೆ ಬಂದು, "ಸಾಹೇಬರಿಗೆ ಒಂದು ಬೋನು, ಆಮೇಲೆ ಅದು… ಬಚ್ಚಲದ್ದು" ಎಂದ. ಆಯ್ತಣ್ಣನ ಕೈ ಎರಡನ್ನೂ ತಾನಾಗಿ ತಂದಿತು.

ಅಂಗಡಿ ಖಾಲಿಯಾದ ಮೇಲೆ ಭಾವ ಕನ್ನಡಕ ತೆಗೆದ. ಒರೆಸಲಿಲ್ಲ, ಸುಮ್ಮನೆ ಕೈಯಲ್ಲಿ ಹಿಡಿದುಕೊಂಡ. ಲಾರಿ ಆಗಲೇ ಬಂದು ಅಂಗಡಿಯ ಹಿಂದೆ ನಿಂತಿತ್ತು. ಇಳಿಸಿದ ಪೆಟ್ಟಿಗೆಗಳು ಗೋಡೌನಿನ ಬಾಗಿಲು ದಾಟಿ ಹೊರಗೂ ಬಂದಿದ್ದವು.

"ಇಷ್ಟೂ ಚಿಲಕ ಯಾರು ಕೊಳ್ತಾರೋ?"

"ಗೊತ್ತಿಲ್ಲ ಭಾವ."

"ಬಾಯಿ ಮುಚ್ಚಿಕೊಂಡಿದ್ರೆ ಕೌಂಟರು ನಿಂದಾಗ್ತಿತ್ತು."

"ಹೌದು ಭಾವ."

ಭಾವನಿಗೆ ಇನ್ನೂ ಬೈಯಬೇಕೆಂದಿತ್ತು. ಬೈಗುಳಕ್ಕೆ ತಡಕಾಡುವವನಂತೆ ಮೆಟ್ಟಿಲ ಕಡೆ ನೋಡಿದ, ಅಲ್ಲಿ ಕೂತಿದ್ದವನ ಬೆನ್ನು ನೋಡಿದ, ಕಣ್ಣು ಬೇರೆ ಕಡೆ ತಿರುಗಿಸಿದ. "ಗೋಡೌನು" ಎಂದ.

"ಆಯ್ತು" ಎಂದ ಆಯ್ತಣ್ಣ.

ಒಳಗೆ ಬಿಸಿಲು ಬಾರದ ತಂಪು. ಆಯ್ತಣ್ಣ ಚಿಲಕದ ಪೆಟ್ಟಿಗೆಗಳನ್ನು ಒಂದರ ಮೇಲೊಂದು ಜೋಡಿಸುತ್ತ ಹೋದ. ಮಾತಾಡಲು ಯಾರೂ ಇರಲಿಲ್ಲ. ಸ್ವಲ್ಪ ಹೊತ್ತು ಪೆಟ್ಟಿಗೆಗಳೊಡನೆ ಮಾತಾಡಿ ನೋಡಿದ. ಅವು ಚೆನ್ನಾಗಿ ಕೇಳಿಸಿಕೊಂಡವು, ಆದರೆ ಏನೂ ಹೇಳಲಿಲ್ಲ. ಬೇಸರವಾಗಿ ಕಿಂಡಿಯ ಸರಳಿಗೆ ಮುಖ ಆನಿಸಿದ. ಅಲ್ಲಿಂದ ಬೀದಿಯ ಒಂದು ತುಂಡೂ ಅಂಗಡಿಯ ಮೆಟ್ಟಿಲೂ ಕಾಣುತ್ತಿದ್ದವು.

ಕೀಲಿಯಣ್ಣ ಒಬ್ಬನೇ ಕೂತಿದ್ದ. ಅರ, ಸುತ್ತಿಗೆ, ಹಿಡಿಕೆ ಯಂತ್ರ ಮತ್ತೆ ಅವುಗಳ ಜಾಗಕ್ಕೆ ಬಂದಿದ್ದವು. ಹಿಂದಿನ ಗೋಡೆಯಲ್ಲಿ ಬರೀ ಮೊಳೆ. ಹಾದುಹೋಗುವವರು ಇಲಿಬೋನು ಹಿಡಿದು ನಗುನಗುತ್ತ ಹೋಗುತ್ತಿದ್ದರು; ಅವನ ಕಡೆ ತಿರುಗುವಾಗ ಮಾತ್ರ ಚಪ್ಪಲಿಯಲ್ಲಿ ಏನೋ ಸಿಕ್ಕಿಕೊಂಡವರಂತೆ ತಲೆ ಬಗ್ಗಿಸುತ್ತಿದ್ದರು.

ಬೀದಿ ಬರಿದಾದ ಮೇಲೆ ಅಧ್ಯಕ್ಷರು ಬಂದರು. ಕಂಕುಳಲ್ಲಿ ಹಳೆಯ ಟವೆಲಿನಲ್ಲಿ ಸುತ್ತಿದ ಏನೋ ಇತ್ತು. ಮೆಟ್ಟಿಲ ಹತ್ತಿರ ನಿಂತು ಆ ಕಡೆ ಈ ಕಡೆ ನೋಡಲಿಲ್ಲ. ಟವೆಲು ಬಿಚ್ಚಿ ಹಲಗೆಯನ್ನು ಎರಡೂ ಕೈಯಲ್ಲಿ ಹಿಡಿದು ಮುಂದೆ ಚಾಚಿದರು.

"ಇದರಲ್ಲಿ ಒಂದು ಕೀಲಿಯ ದಾರ ಹರಿದಿತ್ತು" ಎಂದರು. ಅವರ ಧ್ವನಿ ಆಯ್ತಣ್ಣನಿಗೆ ಕೇಳಿಸಿದ್ದೇ ಕಷ್ಟದಲ್ಲಿ. "ನಾನೇ ಕಟ್ಟಿದೀನಿ. ಗಂಟು ಸರಿ ಬಂದಿಲ್ಲ."

ಕೀಲಿಯಣ್ಣ ಹಲಗೆಯನ್ನು ತಗೊಂಡ. ಆ ಗಂಟನ್ನು ಬೆರಳಿನಲ್ಲಿ ಮುಟ್ಟಿ ನೋಡಿದ.

"ಇರಲಿ ಸ್ವಾಮಿ, ಹಿಡ್ಕೊಳ್ಳುತ್ತೆ" ಎಂದು ಎದ್ದು ಮೊಳೆಗೆ ತೂಗುಹಾಕಿದ.